ಗಂಡಸರಿಗೂ ತವರು

ಮಾರ್ಚ್ ೧೪, ಶುಕ್ರವಾರ

ಬಾಗಿಲ ಮೇಲಿನ ಬೋರ್ಡಿನ ಮಾತು ಇನ್ನೂ ತಲೆಯಲ್ಲೇ ಸುತ್ತುತ್ತಿದೆ. ನಾನು ನೋಡಿಕೊಳ್ಳುವ ಈ ವೃದ್ಧಾಶ್ರಮದ ‘ತವರು’ ಎಂಬ ಹೆಸರನ್ನು ಬದಲಾಯಿಸಬೇಕಂತೆ. “ಈಗ ಗಂಡಸರೂ ಇದಾರಲ್ಲಮ್ಮ, ಕೇಳಿದವರು ನಗ್ತಾರೆ” ಎಂದರು ಇವತ್ತು ಊಟದ ಹೊತ್ತಿಗೆ ಬಂದ ನಮ್ಮ ಸಂಘದ ಹೊಸ ಅಧ್ಯಕ್ಷರು.

ಇವರಿಗೇನು ಗೊತ್ತು? ಹಡಗು ಹತ್ತಿ ಬಂದ ನಮ್ಮವರು ಬಟ್ಟೆ ಹೊಲಿದು, ಬ್ರೆಡ್ಡು ಬೇಯಿಸಿ ಈ ಮನೆ ಕಟ್ಟಿದರು. ಕಟ್ಟಿದ ಮೇಲೆ ಕಾಲಿಡುವವರೇ ಇಲ್ಲ. ಮಕ್ಕಳು ಹೊರಗೆ ಹಾಕಿದರು ಅಂತ ಜನ ಆಡಿಕೊಳ್ಳುತ್ತಾರಲ್ಲ! ಆಗ ನಮ್ಮತ್ತೆ ಹಾಸಿಗೆ ಸುತ್ತಿಕೊಂಡು, ಬೀದಿಗೆಲ್ಲ ಕೇಳುವ ಹಾಗೆ, “ಮದುವೆಯಾಗಿ ಈ ದೇಶಕ್ಕೆ ಬಂದ್ಮೇಲೆ ಒಂದ್ಸಲಾನೂ ತವರಿಗೆ ಹೋಗ್ಲಿಲ್ಲ. ಈಗ ಹೋಗ್ತೀನಿ” ಎಂದು ಹೊರಟೇಬಿಟ್ಟರು. ಅವರ ಹಿಂದೆಯೇ ಬೇರೆ ಹೆಂಗಸರೂ ಬಂದರು. ಅದೇ ಹೆಸರಾಯಿತು.

ಇವತ್ತು ನಾನು ಬಾಯಿ ತೆರೆಯುವ ಮೊದಲೇ, ಮೂಲೆಯ ಕೋಣೆಯ ಬಸ್ ಡ್ರೈವರ್ ತಾತ ತಟ್ಟೆ ಸರಿಸಿ ಎದ್ದರು.

“ತೆಗೀಬೇಡಿ ಸ್ವಾಮಿ. ನನ್ನ ಹೆಂಡ್ತಿ ಸಿಟ್ಟು ಬಂದಾಗೆಲ್ಲ ‘ತವರಿಗೆ ಹೋಗ್ತೀನಿ’ ಅಂತಿದ್ಲು. ಸಮುದ್ರ ದಾಟಬೇಕಲ್ಲ, ಪಾಪ, ಹೋಗೋಕಾಗ್ಲಿಲ್ಲ. ಈಗ ಮಗನ ಮೇಲೆ ಸಿಟ್ಟು ಬಂದ್ರೆ ಹೋಗೋಕೆ ನಂಗೂ ಒಂದು ತವರಿದೆ.”

ಅಧ್ಯಕ್ಷರೇ ಮೊದಲು ನಕ್ಕರು. ಬೋರ್ಡು ಅಲ್ಲೇ ಇದೆ.

ಎದೆ ಉಬ್ಬಿಹೋಗಿದೆ, ನಿದ್ದೆ ಎಲ್ಲಿಂದ ಬರಬೇಕು? ಅತ್ತೆಯ ತವರಿಗೆ ಸೊಸೆಯೇ ಕಾವಲು. ಇಂಥದ್ದನ್ನು ಯಾರಾದರೂ ಕೇಳಿದ್ದುಂಟೇ…