ಖಾತ್ರಿ ಇಲ್ಲ ಎಂದ ಯಂತ್ರಪೇದೆ

ಹುಬ್ಬಳ್ಳಿ
30 ಫೆಬ್ರವರಿ 2187

ಬರುವ ಶುಕ್ರವಾರ ಸಂಜೆ ಏಳೂವರೆಗೆ ‘ಜೋಡಿ ಗಸ್ತು’ ಧಾರಾವಾಹಿಯ ಮೊದಲ ಕಂತಿಗಾಗಿ ಕಾಯುತ್ತಿರುವ ಎಲ್ಲರಿಗೆ,

ತಾರೀಖು ಬರೆಯುವಾಗ ನನ್ನ ಕೈತಪ್ಪಿಲ್ಲ. ನಮ್ಮ ಕ್ಯಾಲೆಂಡರಿನಲ್ಲಿ ಫೆಬ್ರವರಿಗೆ ಮೂವತ್ತು ದಿನ. ತೊಂಬತ್ತು ವರ್ಷಗಳ ಹಿಂದೆ ತಿಂಗಳುಗಳನ್ನು ಸಮ ಮಾಡಿದಾಗ ಅದಕ್ಕೂ ಪಾಲು ಸಿಕ್ಕಿತು. ನನ್ನ ಕೆಲವು ಮಾತುಗಳು ನಿಮಗೆ ಅಪರಿಚಿತವಾಗಿ ಕಂಡರೆ ಮನ್ನಿಸಿ. ಅವು ಬಂದಲ್ಲಿ ವಿವರಿಸುತ್ತ ಹೋಗುತ್ತೇನೆ.

ಈ ಕಾಗದಕ್ಕೆ ನಾವು ಹಿಂದೋಲೆ ಎನ್ನುತ್ತೇವೆ. ಹಿಂದಿನ ಕಾಲಕ್ಕೆ ಬರೆಯುವ ಓಲೆ ಎಂದಷ್ಟೇ ಅದರ ಅರ್ಥ. ಪ್ರತಿಯೊಬ್ಬರಿಗೂ ಜೀವಮಾನದಲ್ಲಿ ಒಂದು ಹಿಂದೋಲೆಯ ಹಕ್ಕಿದೆ. ಚುನಾವಣೆ, ಲಾಟರಿ, ಕ್ರಿಕೆಟ್ ಫಲಿತಾಂಶಗಳನ್ನು ಬರೆಯುವಂತಿಲ್ಲ. ಹೆಚ್ಚಿನವರು ಮುತ್ತಜ್ಜಿಗೆ ಬರೆದು ಕೆಂಪು ಚಟ್ನಿಗೆ ಎಷ್ಟು ಮೆಣಸಿನಕಾಯಿ ಎಂದು ಕೇಳುತ್ತಾರೆ. ಉತ್ತರ ಬರುವುದಿಲ್ಲ ಎಂದು ಗೊತ್ತಿದ್ದೂ ಕೇಳುತ್ತಾರೆ. ಹಿಂದೋಲೆಯಿಂದ ಏನಾದರೂ ಬದಲಾಗಿದೆಯೇ ಎಂಬುದಕ್ಕೆ ದಾಖಲೆ ಇಲ್ಲ. ಬದಲಾಗಿದ್ದರೆ ಮೊದಲಿನಿಂದಲೂ ಹಾಗೇ ಇತ್ತು ಎಂದೇ ನಮಗೆ ಅನ್ನಿಸುತ್ತದೆ.

ನನ್ನ ಹೆಸರು ಸುಮಂಗಲಾ ಬಾರಕೇರ. ಪೇಟೆ ಭಾಗದ ಒಂದು ಠಾಣೆಯಲ್ಲಿ ಹೆಡ್ ಕಾನ್‌ಸ್ಟೆಬಲ್. ನಿಮ್ಮ ಧಾರಾವಾಹಿಯಲ್ಲಿ ಇರುವಂಥ ಜೊತೆಗಾರ ನನಗಿದ್ದಾನೆ. ನೀವು ಯಂತ್ರಮಾನವ ಎನ್ನುತ್ತೀರಿ, ನಮ್ಮ ಕಾಯ್ದೆಯಲ್ಲಿ ಅವನು ಯಂತ್ರಪೇದೆ. ಅವನ ಸಂಖ್ಯೆ ನಲವತ್ತೊಂದು. ನಾಳೆ ಬೆಳಿಗ್ಗೆ ಹನ್ನೊಂದು ಗಂಟೆಗೆ ಅವನ ವಿಚಾರಣೆ. ಅವನು ಕೆಟ್ಟಿದ್ದಾನೆ ಎಂದು ತೀರ್ಮಾನವಾದರೆ ಸಂಜೆಯೊಳಗೆ ಅವನನ್ನು ಬಿಚ್ಚುತ್ತಾರೆ. ಬಿಚ್ಚಿದ ಯಂತ್ರಪೇದೆಯನ್ನು ಮತ್ತೆ ಜೋಡಿಸಿದರೆ ಅವನು ಬೇರೆಯವನಾಗುತ್ತಾನೆ, ಹಳೆಯದೇನೂ ಉಳಿಯುವುದಿಲ್ಲ.

ಒಂಬತ್ತು ವರ್ಷಗಳಿಂದ ನಾವಿಬ್ಬರೂ ಪೇಟೆಯ ಗಸ್ತು ನಡೆದಿದ್ದೇವೆ. ನಮ್ಮ ಪೇಟೆ ನೀವು ತಿಳಿದಿರುವ ಪೇಟೆಯಂತೆಯೇ ಇದೆ. ಮೇಲೆ ಬಿಸಿಲು ಹಿಡಿಯುವ ಗಾಜಿನ ಚಪ್ಪರ ಬಂದಿದೆ, ಕೈಗಾಡಿಗಳು ತಾವೇ ಉರುಳುತ್ತವೆ, ಆದರೆ ಚೌಕಾಸಿ ನಿಂತಿಲ್ಲ. ಗಿರ್ಮಿಟ್ ಮಾರುವ ರೇಣವ್ವ ನಲವತ್ತೊಂದನೆಯವನನ್ನು ದಿನವೂ ಕೂಗಿ ಕರೆಯುತ್ತಾಳೆ.

“ನಲ್ವತ್ತೊಂದಪ್ಪಾರ, ಬರ್ರಿ, ಒಂದ್ ಪ್ಲೇಟ್ ತಿನ್ರಿ!”

“ನನಗ ತಿನ್ನಾಕ ಬರಂಗಿಲ್ರಿ ಅಕ್ಕಾರ.”

“ಬರದಿದ್ರ ಸುಮ್ನ ಹಿಡಕೊಂಡು ನಿಂದರ್ರಿ. ನಿಮ್ಮ ಮೇಡಮ್ಮಾರು ಎರಡೂ ಪ್ಲೇಟ್ ಖಾಲಿ ಮಾಡ್ತಾರ.”

ಇದು ಸುಳ್ಳಲ್ಲ. ಮಾಡಿದ್ದೇನೆ.

ಈಗ ನಡೆದದ್ದನ್ನು ಹೇಳುತ್ತೇನೆ. ಗಸ್ತಿನ ದಾರಿಯಲ್ಲಿ ಅಲ್ಲಲ್ಲಿ ಒಂದು ಡಬ್ಬಿ, ಅದರೊಳಗೊಂದು ಪುಸ್ತಕ ಇರುತ್ತದೆ. ಪ್ರತಿ ಗಂಟೆಗೊಮ್ಮೆ ಅಲ್ಲಿಗೆ ಹೋಗಿ ವೇಳೆ ಬರೆದು ಸಹಿ ಹಾಕಬೇಕು. ಇದು ನಿಮ್ಮ ಕಾಲದಲ್ಲಿಯೂ ಇತ್ತು. ಎಲ್ಲ ಕಾಲದ ಪೊಲೀಸರೂ ಮಾಡುವ ಒಂದು ಕೆಲಸವೂ ಇದೆ. ಮೂರು ಗಂಟೆಗೆ ಹೋದಾಗಲೇ ನಾಲ್ಕರ ಸಹಿಯನ್ನೂ ಹಾಕಿ ಬಿಡುವುದು. ಕಾಲು ನೋಯುತ್ತದೆ, ಬಿಸಿಲಿರುತ್ತದೆ, ಹೇಗೂ ಏನೂ ಆಗುವುದಿಲ್ಲ ಎಂಬ ನಂಬಿಕೆ ಇರುತ್ತದೆ. ನನಗೆ ಇದನ್ನು ಕಲಿಸಿದವರು ನನ್ನ ಮೇಲಿನವರು, ನಾನು ನನ್ನ ಕೆಳಗಿನವರಿಗೆ ಕಲಿಸಿದ್ದೇನೆ. ಯಂತ್ರಪೇದೆಗಳಿಗೆ ಮಾತ್ರ ಯಾರೂ ಹೇಳಿಲ್ಲ. ಪುಸ್ತಕದಲ್ಲಿ ಬರೆದದ್ದು ನಿಜವೆಂದೇ ಅವರು ತಿಳಿದಿದ್ದಾರೆ.

ಕಳೆದ ನವೆಂಬರಿನ ಒಂದು ಮಧ್ಯಾಹ್ನ ಅಕ್ಕಸಾಲಿಗರ ಓಣಿಯ ಪುಸ್ತಕದಲ್ಲಿ ನಾನು ಮೂರು ಗಂಟೆ ಐದು ನಿಮಿಷದ ಸಹಿಯ ಕೆಳಗೆ ನಾಲ್ಕು ಗಂಟೆ ಐದು ನಿಮಿಷದ್ದನ್ನೂ ಹಾಕಿದೆ. ನಾಲ್ಕಕ್ಕೆ ರೇಣವ್ವನ ಅಂಗಡಿಯ ನೆರಳಿನಲ್ಲಿ ಕುಳಿತಿದ್ದೆ. ಅದೇ ಹೊತ್ತಿಗೆ ಓಣಿಯ ಒಂದು ಅಂಗಡಿಯಿಂದ ಚಿನ್ನದ ಗುಂಡಿನ ಬೋರಮಾಳ ಸರ ಕಳುವಾಯಿತು. ಪೇಟೆಯ ಇನ್ನೊಂದು ತುದಿಯಲ್ಲಿದ್ದ ನಲವತ್ತೊಂದನೆಯವನು, ನೀಲಿ ಅಂಗಿಯ ಒಬ್ಬ ಓಣಿಯಿಂದ ಬೇಗಬೇಗ ಹೊರಹೋಗುವುದನ್ನು ದೂರದಿಂದ, ಬೆನ್ನ ಕಡೆಯಿಂದ ನೋಡಿದ. ಕಸ ಗುಡಿಸುವ ಫಕೀರಪ್ಪ ಸುಣಗಾರ ಅಂದು ನೀಲಿ ಅಂಗಿ ತೊಟ್ಟಿದ್ದ. ಅವನನ್ನು ಹಿಡಿದರು.

ಫಕೀರಪ್ಪ ಹೇಳಿದ್ದು ಒಂದೇ ಮಾತು: ನಾಲ್ಕು ಗಂಟೆಗೆ ನಾನು ಗಿರ್ಮಿಟ್ ಅಂಗಡಿಯ ಮುಂದಿದ್ದೆ, ಮೇಡಮ್ಮನವರಿಗೆ ನಮಸ್ಕಾರ ಮಾಡಿದೆ. ರೇಣವ್ವನೂ ಹಾಗೇ ಹೇಳಿದಳು. ಆದರೆ ಪುಸ್ತಕದ ಪ್ರಕಾರ ಆ ಹೊತ್ತಿಗೆ ಮೇಡಂ ಅಕ್ಕಸಾಲಿಗರ ಓಣಿಯಲ್ಲಿದ್ದರು. ಆದ್ದರಿಂದ ಅವರಿಬ್ಬರೂ ಸುಳ್ಳರಾದರು. ನಲವತ್ತೊಂದನೆಯವನು ತಾನು ಕಂಡದ್ದನ್ನು ಪುಸ್ತಕದೊಂದಿಗೆ ತಾಳೆ ನೋಡಿ, ಕೋರ್ಟಿನಲ್ಲಿ “ಹೌದು, ಅವನೇ” ಎಂದ. ನನ್ನ ಹೇಳಿಕೆಯನ್ನೂ ಕೇಳಿದರು. ‘ಪುಸ್ತಕದಲ್ಲಿ ಇದ್ದಂತೆ’ ಎಂದು ಬರೆದುಕೊಟ್ಟೆ.

ಇಪ್ಪತ್ತಮೂರು ದಿನಗಳ ನಂತರ ನಲವತ್ತೊಂದನೆಯವನು ಯಾರ ಅಪ್ಪಣೆಯನ್ನೂ ಕೇಳದೆ ಕೋರ್ಟಿಗೆ ಹೋದ. ಅಂದು ನಾನೂ ಅಲ್ಲಿದ್ದೆ.

“ಸಾಹೇಬರ, ಮೊದಲ ಹೇಳಿದ್ದು ನನಗ ಈಗ ಖಾತ್ರಿ ಇಲ್ರಿ,” ಎಂದ.

ಸರಕಾರಿ ವಕೀಲರು ನಕ್ಕರು. “ಖಾತ್ರಿ ಇಲ್ಲಂದ್ರ? ನೀ ಮಷೀನ್ ಅದಿಯೋ, ನಮ್ಮ ಮಾವ ಅದಿಯೋ?”

“ಮಷೀನ್ ಅದೀನ್ರಿ. ಬೆನ್ನು ನೋಡೇನಿ, ಮುಖ ನೋಡಿಲ್ರಿ. ಬೆನ್ನಿಗೆ ಮುಖ ಹಚ್ಚಿದವ ನಾನ ರೀ.”

ಫಕೀರಪ್ಪ ಬಿಡುಗಡೆಯಾದ. ಮರುದಿನ ಠಾಣೆಗೆ ಬಂದು ನಲವತ್ತೊಂದನೆಯವನ ಮುಂದೆ ನಿಂತು, “ಇಪ್ಪತ್ತಮೂರು ದಿನ ಒಳಗ ಕುಂದ್ರಿಸಿದ್ಯೋ ಯಪ್ಪಾ. ಆದ್ರ ತಿರುಗಿ ಬಂದು ತಪ್ಪಾತು ಅಂದವ ನೀ ಒಬ್ಬನ ನೋಡು,” ಎಂದ. ನಂತರ ನನ್ನ ಕಡೆ ತಿರುಗಿ, “ಮೇಡಮ್ಮಾರ, ಅವತ್ತ ನಾ ನಿಮಗ ನಮಸ್ಕಾರ ಮಾಡಿದ್ನಿಲ್ರಿ?” ಎಂದು ಕೇಳಿದ.

ನೆನಪಿಲ್ಲ ಎಂದೆ. ನೆನಪಿತ್ತು.

ನಮ್ಮ ಕಾಯ್ದೆಯ ಹದಿನಾಲ್ಕನೆಯ ಕಲಮು ಹೀಗಿದೆ: ಸಾಕ್ಷ್ಯ ಬದಲಿಸಿದ ಯಂತ್ರಪೇದೆ ಕೆಟ್ಟಿದ್ದಾನೆಂದು ತಿಳಿಯಬೇಕು. ಈ ಕಲಮು ಎಲ್ಲಿಂದ ಬಂತು ಎಂದು ಹುಡುಕುತ್ತ ನಾನು ಎರಡು ವಾರ ಪತ್ರಾಗಾರದಲ್ಲಿ ಕುಳಿತೆ. ಕಾಯ್ದೆ ಮಾಡಿದ ಸಮಿತಿಯು ಜನರ ಅಭಿಪ್ರಾಯ ಕೇಳಿತ್ತು. ಹತ್ತರಲ್ಲಿ ಒಂಬತ್ತು ಜನ, ಯಂತ್ರಪೇದೆ ಎಂದೂ ಅನುಮಾನಪಡಬಾರದು ಎಂದಿದ್ದರು. ಯಾಕೆ ಹಾಗೆ ಎಂಬ ಪ್ರಶ್ನೆಗೆ ಹೆಚ್ಚಿನವರ ಉತ್ತರ, ಚಿಕ್ಕಂದಿನಿಂದ ಧಾರಾವಾಹಿಗಳಲ್ಲಿ ಹಾಗೇ ನೋಡಿದ್ದೇವೆ ಎಂಬುದು. ನಿಮ್ಮ ‘ಜೋಡಿ ಗಸ್ತು’ವೇ ಕಾರಣ ಎಂದು ನಾನು ಹೇಳುವುದಿಲ್ಲ. ಅದರ ಒಂದು ಕಂತೂ ನಮ್ಮಲ್ಲಿ ಉಳಿದಿಲ್ಲ. ಉಳಿದಿರುವುದು ನಲವತ್ತು ಸೆಕೆಂಡಿನ ಜಾಹೀರಾತು ಮತ್ತು ಈ ವಾರದ ನಿಮ್ಮ ಪತ್ರಿಕೆಗಳ ಕೆಲವು ಪುಟ. ಜಾಹೀರಾತಿನಲ್ಲಿ ಯಂತ್ರಮಾನವ ಮಳೆಯಲ್ಲಿ ಓಡುತ್ತಾನೆ, ಅವನ ಜೊತೆಗಾತಿ ಇನ್‌ಸ್ಪೆಕ್ಟರ್ ಏನನ್ನೋ ಕೇಳಲು ಬಾಯಿ ತೆರೆಯುತ್ತಾಳೆ, ಅಲ್ಲಿಗೆ ಮುಗಿಯುತ್ತದೆ. ಪತ್ರಿಕೆಯ ವಾಚಕರ ಅಂಕಣದಲ್ಲಿ ನಿಮ್ಮ ಹನ್ನೊಂದು ಪತ್ರಗಳಿವೆ. ದಾವಣಗೆರೆಯ ಒಬ್ಬರು ದಿನ ಎಣಿಸುತ್ತಿದ್ದೇನೆ ಎಂದಿದ್ದಾರೆ. ಕೊಪ್ಪಳದ ಒಂದು ಮನೆಯವರು ಶುಕ್ರವಾರ ಅಡುಗೆಯನ್ನು ಬೇಗ ಮುಗಿಸಲಿದ್ದಾರೆ. ಅವುಗಳನ್ನು ಓದುವಾಗ ನಿಮ್ಮ ಮೇಲೆ ಸಿಟ್ಟು ಬರಲಿಲ್ಲ, ನಿಮ್ಮ ಪಕ್ಕದಲ್ಲಿ ಕುಳಿತು ನೋಡಬೇಕು ಅನ್ನಿಸಿತು. ಅವಳು ಏನು ಕೇಳುತ್ತಾಳೆ ಎಂಬುದು ನಿಮಗೆ ಶುಕ್ರವಾರ ತಿಳಿಯುತ್ತದೆ. ನನಗೆ ತಿಳಿಯುವುದಿಲ್ಲ.

ನನ್ನ ಕೋರಿಕೆ ಇಷ್ಟೇ. ನಿಮ್ಮ ಯಂತ್ರಮಾನವ ಯಾವುದಾದರೂ ಕಂತಿನಲ್ಲಿ ಗೊತ್ತಿಲ್ಲ ಎಂದರೆ, ಕತೆ ಕೆಟ್ಟಿತು ಎಂದು ಏಳಬೇಡಿ. ಅವನು ಹಾಗೆ ಹೇಳದೇ ಇದ್ದರೆ, ಒಮ್ಮೆಯಾದರೂ ಹೇಳಿಸಿ ಎಂದು ಧಾರಾವಾಹಿಯವರಿಗೆ ಬರೆಯಿರಿ. ನೀವು ಪತ್ರ ಬರೆಯುವ ಜನ ಎಂಬುದು ನನಗೆ ಗೊತ್ತು.

ಇಂದು ಮಧ್ಯಾಹ್ನ ನಲವತ್ತೊಂದನೆಯವನನ್ನು ಕೇಳಿದೆ, ಪುಸ್ತಕದ ಸುದ್ದಿ ಕೋರ್ಟಿನಲ್ಲಿ ಯಾಕೆ ಎತ್ತಲಿಲ್ಲ ಎಂದು.

“ಎರಡೂ ಸಹಿ ಒಂದ ಸಲಕ್ಕ ಹಾಕಿದ್ದು ಅಂತ ಆಮ್ಯಾಲೆ ನೋಡಿದಾಗ ಗೊತ್ತಾತ್ರಿ ಅಕ್ಕಾರ. ಯಾರೂ ಕೇಳ್ಲಿಲ್ಲ. ಕೇಳಿದ್ರ ಹೇಳ್ತಿದ್ನಿ.”

“ನಾಳೆ ಕೇಳ್ತಾರೇನು?”

“ನನ್ನ ಕೇಳಂಗಿಲ್ರಿ, ಕಾಯ್ದೇದಾಗ ಇಲ್ಲ. ಕೇಳೂದು ನಿಮ್ಮನ್ನ.”

ಅವನ ದನಿಯಲ್ಲಿ ಒತ್ತಾಯ ಇರಲಿಲ್ಲ. ಜೊತೆಗಾರರನ್ನು ಕೇಳುವುದು ಒಂದೇ ಪ್ರಶ್ನೆ: ಯಂತ್ರಪೇದೆಯ ಅನುಮಾನಕ್ಕೆ ಕಾರಣವಿತ್ತೇ? ಇಲ್ಲ ಎಂದರೆ ಅವನನ್ನು ಬಿಚ್ಚುತ್ತಾರೆ. ಹೌದು ಎಂದರೆ ಕಾರಣ ಹೇಳಬೇಕು. ಹೇಳಿದರೆ ನನ್ನ ಸಮವಸ್ತ್ರ ಹೋಗುತ್ತದೆ. ಇಪ್ಪತ್ತಾರು ವರ್ಷ ಅದನ್ನು ತೊಟ್ಟಿದ್ದೇನೆ. ನಾಳೆ ಅಲ್ಲಿ ನಿಂತಾಗ ನನ್ನ ಬಾಯಿ ಏನು ಹೇಳುತ್ತದೆ ಎಂಬ ಖಾತ್ರಿ ನನಗೇ ಇರಲಿಲ್ಲ. ಅದಕ್ಕಾಗಿ ಈ ಕಾಗದವನ್ನು ಇಲ್ಲಿಯವರೆಗೆ ಎರಡು ಪ್ರತಿ ಮಾಡಿದೆ. ಒಂದು ನಿಮಗೆ. ಇನ್ನೊಂದನ್ನು ವಿಚಾರಣೆಯ ಕಡತಕ್ಕೆ ಈಗಷ್ಟೇ ಲಗತ್ತಿಸಿ, ಗುಮಾಸ್ತರಿಂದ ಮೊಹರು ಹಾಕಿಸಿಕೊಂಡು ಬಂದೆ.

ನಿಮ್ಮವಳು,
ಸುಮಂಗಲಾ ಬಾರಕೇರ