ಸಿಂಗಾಪುರದಲ್ಲೇ ಉಳಿದ ತಾತ

ಅಪ್ಪಾ,

ನಿನ್ನ ಮೊಮ್ಮಗಳು ಪವಿತ್ರ ಕಾಲೇಜಿನವರ ಜೊತೆ ಸಿಂಗಾಪುರಕ್ಕೆ ಹೋಗಿಬಂದಳು. ಬಂಗಾರಪೇಟೆಯಿಂದ ಬಸ್ಸು ಹತ್ತಿದರೆ ವಾಂತಿ ಮಾಡಿಕೊಳ್ಳುತ್ತಿದ್ದವಳು ವಿಮಾನ ಹತ್ತಿದಳು ನೋಡು! ಎಲ್ಲ ಆ ಮುನೇಶ್ವರನ ದಯೆ.

ಅಲ್ಲಿ ಯುದ್ಧದಲ್ಲಿ ಸತ್ತವರ ಸಮಾಧಿಗಳಿರುವ ಜಾಗಕ್ಕೂ ಕರೆದುಕೊಂಡು ಹೋಗುತ್ತಾರೆ ಅಂದಾಗ ನನಗೆ ನಿನ್ನದೇ ಜ್ಞಾಪಕ. ನೀನು ತೊಟ್ಟಿಲಲ್ಲಿದ್ದಾಗ ನಿಮ್ಮಪ್ಪ ನಮ್ಮ ಕೆ.ಜಿ.ಎಫ್.ನ ಚಾಂಪಿಯನ್ ರೀಫ್ಸ್ ಚಿನ್ನದ ಗಣಿ ಬಿಟ್ಟು ಸೈನ್ಯಕ್ಕೆ ಸೇರಿ ಸಿಂಗಾಪುರಕ್ಕೆ ಹೋದವರು ವಾಪಸ್ಸು ಬರಲೇ ಇಲ್ಲ. ಸತ್ತರು ಅಂತಲೂ ಯಾರೂ ಹೇಳಲಿಲ್ಲ.

ಮಹಾಲಯ ಅಮಾವಾಸ್ಯೆ ದಿನ ಹಿರಿಯರಿಗೆ ಎಡೆ ಇಡುವಾಗ ನೀನೊಮ್ಮೆ ಅವರ ಹೆಸರಲ್ಲೂ ಎಲೆ ಹಾಕಲು ಹೋದೆ. ಅಜ್ಜಿ ಎಲೆ ಕಿತ್ತುಕೊಂಡಳು. "ಸತ್ತೋರಿಗಿಕ್ಕೋ ಎಡೇನ ನಿಮ್ಮಪ್ಪಂಗ್ಯಾಕ್ಲಾ ಇಕ್ತೀಯ? ನೀನೇನ್ ಎಣ ನೋಡಿದ್ಯಾ?" ಕುಂಕುಮ ಇಟ್ಟುಕೊಂಡೇ ಕಣ್ಣು ಮುಚ್ಚಿದಳು ಅಜ್ಜಿ. ಆಮೇಲೂ ನೀನು ಅವಳ ಮಾತು ಮೀರಲಿಲ್ಲ. ಆದರೆ ಎಡೆಗೆ ಕೈಮುಗಿಯುವಾಗ, "ಎಲ್ರೂ ಉಂಡ್ರು, ನಮ್ಮಪ್ಪ ಮಾತ್ರ..." ಅಂತ ಅರ್ಧಕ್ಕೇ ನಿಲ್ಲಿಸುತ್ತಿದ್ದೆ. ನಿನ್ನ ಸಂಕಟ ನನಗೆ ಗೊತ್ತಿರಲಿಲ್ಲ ಅಂದುಕೊಂಡಿದ್ದೆಯಾ?

ಪವಿತ್ರಳನ್ನು ತೊಡೆ ಮೇಲೆ ಕೂರಿಸಿಕೊಂಡು ಗಣಿಯ ಗೆಳೆಯರ ಜೊತೆ ತಮಿಳಲ್ಲಿ ಹರಟುತ್ತಿದ್ದೆಯಲ್ಲ, "ಕನ್ನಡಾನೇ ನೆಟ್ಟಗೆ ಬರಲ್ಲ, ಆಗ್ಲೇ ತಮಿಳಾ?" ಅಂತ ನಾನು ರೇಗುತ್ತಿದ್ದೆ. "ಕಲೀಲಿ ಬಿಡಮ್ಮ, ನಿಂಗೆ ಮೂರು ಭಾಷೇಲೂ ಬಯ್ಯೋಕೆ ಬತ್ತದೆ, ಮಗೀಗೆ ಮಾತಾಡೋಕಾದ್ರೂ ಬರ್ಲಿ" ಅಂತ ನೀನು ನಗುತ್ತಿದ್ದೆ. ಆ ತಮಿಳೇ ಅಪ್ಪಾ, ಅಲ್ಲಿ ಕೈಹಿಡಿದದ್ದು.

ಸಮಾಧಿಗಳ ನಡುವೆ ಕಸ ಗುಡಿಸುತ್ತಿದ್ದ ತಮಿಳು ಹೆಂಗಸೊಬ್ಬರು ಇವಳ ಊರು ಕೇಳಿದರಂತೆ. ಕೆ.ಜಿ.ಎಫ್. ಅಂದಕೂಡಲೇ, "ಚಿನ್ನದೂರಿನ ಹುಡುಗಿ, ಬರೀ ಕಿವೀಲಿ ಬಂದಿದ್ದೀಯಲ್ಲೇ!" ಅಂತ ನಕ್ಕರಂತೆ. ಇವಳು ನಿಮ್ಮಪ್ಪನ ವಿಷಯವನ್ನೂ, ಅಜ್ಜಿಯ ಮಾತನ್ನೂ ಹೇಳಿದಳು. ಆಕೆ ಪೊರಕೆ ಕೆಳಗಿಟ್ಟು, "ನೀವು ಕಾದ್ರಿ, ಸರಿ. ಅವರೂ ನಿಮ್ಮನೆ ಅನ್ನಕ್ಕೆ ಕಾಯ್ತಿರ್ತಾರಲ್ಲಮ್ಮ?" ಅಂದರಂತೆ. ತಮ್ಮ ಊಟದ ಡಬ್ಬಿಯಿಂದಲೇ ಒಂದು ಹಿಡಿ ಅನ್ನ ತೆಗೆದು ಇವಳ ಕೈಯಲ್ಲಿ ಮರದ ಬುಡಕ್ಕೆ ಇಡಿಸಿದರಂತೆ. ಪವಿತ್ರ ನಿಮ್ಮಪ್ಪನ ಹೆಸರು ಹೇಳಿ ಕೈಮುಗಿದಳು.

"ಅಮ್ಮಾ, ಮುತ್ತಜ್ಜಿ ಮಾತು ಮೀರ್ಬಿಟ್ನಾ?" ಅಂತ ಅವತ್ತೇ ಅಲ್ಲಿಂದ ಫೋನ್ ಮಾಡಿ ಕೇಳಿದಳು.

"ಇಲ್ಲ ಕಣಮ್ಮ, ಒಳ್ಳೇದೇ ಮಾಡ್ದೆ" ಅಂದೆ. ಮುಖ ಕಾಣದ ಆ ತಾಯಿಗೆ ಇಲ್ಲಿಂದಲೇ ಕೈಮುಗಿದೆ. ಅವರು ಯಾರೋ, ನಾವು ಯಾರೋ... ಈ ಋಣ ಹೇಗೆ ತೀರಿಸಲಿ?

ನೀನು ಹೋದಮೇಲೆ ಮನೆಯ ಎಡೆ ಒಬ್ಬಳೇ ಮಗಳಾದ ನನ್ನ ಪಾಲಿಗೆ ಬಂತಲ್ಲ. ನಿನ್ನೆ ಅಮಾವಾಸ್ಯೆ. ಅಜ್ಜಿಯ ಪಟದ ಮುಂದೆ ದೀಪ ಹಚ್ಚಿ ಅಪ್ಪಣೆ ಕೇಳಿದೆ. ತಾತನಿಗೆ ಏನಿಷ್ಟ ಅಂತ ಹೇಳುವವರು ಈಗ ಯಾರಿದ್ದಾರೆ? ನಿನಗೆ ಇಷ್ಟವಾದ ಹುರುಳಿಕಾಳು ಸಾರು, ಮುದ್ದೆ, ಕಜ್ಜಾಯವನ್ನೇ ಅವರಿಗೂ ಬಡಿಸಿದೆ. ಆ ಕಡೆ ಅಜ್ಜಿಯ ಎಲೆ, ಈ ಕಡೆ ನಿನ್ನದು, ನಡುವೆ ತಾತನದು. ಹಿರಿಯರು ಬಂದು ಉಣ್ಣಲಿ ಅಂತ ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಜಗಲಿ ಮೇಲೆ ಕೂತೆವು. ಇಷ್ಟು ತಡ ಮಾಡಿದ್ದಕ್ಕೆ ಅಜ್ಜಿ ಅವರನ್ನು ಬೈದು ಮುಗಿಸಬೇಕಲ್ಲ? ನೀನು ನಿಮ್ಮಪ್ಪನ ಮುಖ ಕಣ್ತುಂಬ ನೋಡಬೇಕಲ್ಲ? ಈ ಸಲ ಬಾಗಿಲು ನಿಧಾನವಾಗಿಯೇ ತೆಗೆದೆ.