ಎರಡು ಬೆರಳು ಎತ್ತರ

ಜೂನ್ 2, ಸೋಮವಾರ – ಬೆಳಿಗ್ಗೆ 6

ಹೆಂಡ್ತಿ ಕೆಲಸಕ್ಕೆ ಹೊರಟಳು. ಮೂರನೇ ಕಿಕ್‌ಗೆ ಗಾಡಿ ಹತ್ಕೊಂಡಿತು. ಇವತ್ತು ಹನ್ನೊಂದು ಮನೆ. ಎಲ್ಲ ಖಾಲಿ ಹೊಟ್ಟೇಲಿ ಟೆಸ್ಟಿಗೆ ರಕ್ತ ಕೊಡೋರು, ಹತ್ತು ನಿಮಿಷ ತಡ ಆದ್ರೂ ಲ್ಯಾಬಿಗೆ ಫೋನ್ ಮಾಡಿ ದೂರು ಹೇಳ್ತಾರೆ. ಮೊದಲನೇ ಮನೆ ಹೆಡ್ ಮೇಡಂದು – ರಿಟೈರಾದ ಹೆಡ್‌ಮಿಸ್ಟ್ರೆಸ್ಸು. ಇವಳನ್ನ ಬಿಟ್ಟು ಬೇರೆ ಯಾರ ಮುಂದೂ ತೋಳು ಚಾಚಲ್ಲ. "ನನ್ನ ನರ ಸಿಗೋದು ನಿನಗೊಬ್ಬಳಿಗೇ ಕಣಮ್ಮ" ಅಂತಾರಂತೆ. ಅದನ್ನ ನನಗೆ ನೂರು ಸಲ ಹೇಳಿದ್ದಾಳೆ, ಪದಕ ಬಂದವಳ ಥರ.

ಶನಿವಾರ ಮಳೇಲಿ ತಿರುವಲ್ಲಿ ಹಿಂದಿನ ಚಕ್ರ ಜಾರಿತಂತೆ. ಬೀಳ್ಲಿಲ್ಲ, ಅಷ್ಟೆ. ಅದನ್ನ ನಿನ್ನೆ ಬಟ್ಟೆ ಮಡಚ್ತಾ ಮಡಚ್ತಾ ಹೇಳ್ತಾಳೆ, ಹಾಲು ಉಕ್ಕಿ ಹೋಯ್ತು ಅನ್ನೋ ಹಾಗೆ. ಹೋಗಿ ಟೈರ್ ನೋಡಿದೆ. ಸವೆದು ನನ್ನ ತಲೆ ಥರ ನುಣ್ಣಗಾಗಿದೆ. ಸವೆಯದಿದ್ರೂ ಅಷ್ಟೇ ಅನ್ನಿ… ಸೈಕಲ್ಲಿಗಿಂತ ಒಂದು ಬೆರಳು ದಪ್ಪ. ಅದರ ಮೇಲೆ ಇವಳು, ಐಸ್ ತುಂಬಿದ ಸ್ಯಾಂಪಲ್ ಡಬ್ಬ.

ಸ್ಕೂಟರ್ ತಗೋ ಅಂದ್ರೆ ಕೇಳಲ್ಲ. ಗೇರಿಲ್ಲದ ಗಾಡಿ ಗಾಡಿನೇ ಅಲ್ವಂತೆ. ನಲವತ್ತೊಂದನೇ ವಯಸ್ಸಿಗೆ ನನ್ನ ಈ ಹಳೇ ಗಾಡೀಲೇ ಕಲಿತಳು, ನಾನೇ ಕಲಿಸಿದ್ದು. ಇನ್ನೇನು ಮಾತಾಡಲಿ.

ಅಗಲದ ಟೈರ್ ಹಾಕ್ಬೇಕು.

ಜೂನ್ 5, ಗುರುವಾರ

ವರ್ಕ್‌ಶಾಪಿಂದ ಬಂದು, ಗಾಡಿ ತಗೊಂಡು ಟೈರ್ ಅಂಗಡಿಗೆ ಹೋದೆ. ಅಂಗಡಿಯವನು ಗಾಡಿ ನೋಡಿದ, ನನ್ನ ನೋಡಿದ.

"ಅಣ್ಣಾ, ಈ ರಿಮ್ಮಿಗೆ ಅಷ್ಟು ಅಗಲದ್ದು ಬೇಡ. ಕಂಪನಿ ಸೈಜೇ ಹೊಸದು ಹಾಕ್ತೀನಿ, ಆರಾಮಾಗಿರುತ್ತೆ."

"ನೀನು ಟೈರ್ ಕೊಡಪ್ಪ. ಕೂರಿಸೋದು ನನಗೆ ಬಿಡು."

"ಓಡಿಸೋರು ಯಾರು?"

"ನನ್ನ ಹೆಂಡ್ತಿ."

"ಅವರನ್ನ ಕೇಳಿದ್ರಾ?"

ಏನು ಕೇಳೋದು? ಟೈರಿನ ಬಗ್ಗೆ ಅವಳಿಗೇನು ಗೊತ್ತು. ಇಪ್ಪತ್ತಾರು ವರ್ಷ ಲೇತ್ ಮಷೀನ್ ಮೇಲೆ ಕಬ್ಬಿಣ ಕಡೆಯೋ ಕೆಲಸ ಮಾಡಿದವನು ನಾನು. ಕೂದಲೆಳೆ ಅಷ್ಟು ಹೆಚ್ಚುಕಮ್ಮಿ ಆದ್ರೂ ಕೈಗೆ ಗೊತ್ತಾಗುತ್ತೆ. ಇವನು ನನಗೆ ಅಳತೆ ಹೇಳ್ಕೊಡ್ತಾನೆ.

ಟೈರ್ ತಂದೆ. ಮಂಚದ ಕೆಳಗೆ ಇಟ್ಟಿದ್ದೀನಿ. ಹೊಸ ರಬ್ಬರ್ ವಾಸನೆ ಮನೆಯೆಲ್ಲ. ಏನದು ಅಂದಳು. ಚಪ್ಪಲಿ ಅಂದೆ.

ಜೂನ್ 8, ಭಾನುವಾರ – ಸಂಜೆ

ಇವಳು ತಂಗಿ ಮನೆಗೆ ಹೋಗಿದ್ದೇ ಸರಿ, ಶುರು ಹಚ್ಕೊಂಡೆ. ಬೆಳಿಗ್ಗೆ ಎಂಟರಿಂದ ಐದರವರೆಗೆ. ಸೊಂಟ ಕಳಚಿ ಬಿದ್ದಿದೆ.

ಟೈರ್ ಕೂರಲ್ಲ ಅಂತ ಹಠ. ಚೈನ್ ಕವರ್ ಒಂದು ಕಡೆ ಕತ್ತರಿಸಿದೆ. ಚಕ್ರ ಸ್ವಲ್ಪ ಪಕ್ಕಕ್ಕೆ ಸರಿಸೋಕೆ ಮೊನ್ನೆನೇ ಲೇತಲ್ಲಿ ಬುಷ್ ಮಾಡಿ ತಂದಿದ್ದೆ, ಅದನ್ನ ಹಾಕಿದೆ. ಈಗ ಚೈನಿಗೂ ಟೈರಿಗೂ ನಡುವೆ ಮೂರು ಮಿಲಿಮೀಟರ್ ಜಾಗ. ವರ್ನಿಯರ್ ಇಟ್ಟು ಅಳೆದೆ. ಆಮೇಲೆ ಸೀಟಲ್ಲಿ ಕೂತು ಕುಲುಕಿದ್ರೆ ಮೇಲೆ ಮಡ್‌ಗಾರ್ಡಿಗೆ ಉಜ್ಜುತ್ತೆ. ಶಾಕ್ ಅಬ್ಸಾರ್ಬರ್ ಕೊನೇ ಹಲ್ಲಿಗೆ ಏರಿಸಿ ಗಟ್ಟಿ ಮಾಡಿದೆ. ಉಜ್ಜೋದು ನಿಂತಿತು.

ಇನ್ನೊಂದು ತಕರಾರು – ಸೈಡ್ ಸ್ಟ್ಯಾಂಡ್. ಹಾಕಿದ್ರೆ ಗಾಡಿ ಕುಡಿದವನ ಥರ ಎಡಕ್ಕೆ ವಾಲುತ್ತೆ. ಹಿಂದೆ ಎತ್ತರ ಆಯ್ತಲ್ಲ, ಸ್ಟ್ಯಾಂಡ್ ಗಿಡ್ಡ ಆಯ್ತು. ಇಪ್ಪತ್ತೈದು ಮಿಲಿ ಕಬ್ಬಿಣದ ತುಂಡು ಕತ್ತರಿಸಿ ಸ್ಟ್ಯಾಂಡಿನ ಕೆಳಗೆ ವೆಲ್ಡ್ ಮಾಡಿಸ್ಕೊಂಡು ಬಂದೆ. ಈಗ ನೆಟ್ಟಗೆ ನಿಲ್ಲುತ್ತೆ.

ಎರಡು ಸುತ್ತು ಓಡಿಸಿದೆ. ರಸ್ತೆ ಕಚ್ಚಿ ಹಿಡ್ಕೊಂಡು ಹೋಗುತ್ತೆ! ಪಕ್ಕದ ಮನೆಯವರು ಗೇಟಿಂದ ಇಣುಕಿ "ಏನ್ ಸಾರ್, ಗಾಡಿಗೆ ಮೈ ಬಂದಿದೆ" ಅಂದ್ರು. ಖುಷಿ ಆಯ್ತು. ಸುಳ್ಳು ಯಾಕೆ.

ಆರಕ್ಕೆ ಬಂದಳು. ನೋಡಿ ಟೈರ್ ಮೇಲೆ ಕೈಯಾಡಿಸಿದಳು. ಆಮೇಲೆ "ನನಗೋಸ್ಕರನಾ?" ಅಂದಳು. ಕಣ್ಣಲ್ಲಿ ನೀರು ಬಂತು ಅವಳಿಗೆ.

ಜೂನ್ 9, ಸೋಮವಾರ

ಮಧ್ಯಾಹ್ನ ಬಂದವಳೇ –

"ರೀ, ಗಾಡಿ ಏನೋ ಎತ್ತರ ಆದಂಗಿದೆ."

"ಟೈರ್ ಹೊಸದು. ಎರಡು ದಿನ ಹಂಗೇ ಅನ್ಸುತ್ತೆ."

"ಕಾಲು ಪೂರ್ತಿ ಊರಕ್ಕಾಗ್ತಿಲ್ಲ. ತುದಿ ಬೆರಳು ಅಷ್ಟೇ ತಾಗುತ್ತೆ."

"ಗಾಡಿ ಎತ್ತರ ಆಗಿಲ್ಲ ಕುಳ್ಳಿ, ನೀನೇ ಇಳೀತಿದ್ದೀಯ. ವಯಸ್ಸಾದ್ಮೇಲೆ ಎಲ್ಲರೂ ಒಂದಿಂಚು ಇಳೀತಾರಂತೆ."

ನಕ್ಕಳು. ನಾನೂ ನಕ್ಕೆ. ನಾನು ಆರಡಿ, ಇವಳು ನನ್ನ ಎದೆಗೆ ಬರ್ತಾಳೆ. ಮದುವೆ ಫೋಟೋದಲ್ಲಿ ಇವಳನ್ನ ಮಣೆ ಮೇಲೆ ನಿಲ್ಲಿಸಿದ್ರು. ಆ ಜೋಕು ನಮ್ಮ ಮನೇಲಿ ಇಪ್ಪತ್ಮೂರು ವರ್ಷದಿಂದ ನಡೀತಾ ಇದೆ.

ಜೂನ್ 13, ಶುಕ್ರವಾರ

ದಪ್ಪ ಅಟ್ಟೆಯ ಶೂ ತಂದಿದ್ದಾಳೆ. ಕಪ್ಪದು, ಗಂಡಸರ ಶೂ ಥರ. ಈ ವಯಸ್ಸಲ್ಲಿ ಏನಿದು ಫ್ಯಾಷನ್ನು ಅಂತ ರೇಗಿಸಿದೆ. ಲೇಸ್ ಬಿಗಿದು ಕಟ್ಟಿದಳು. ಯಾಕೋ ಮೊದಲಿನ ಹಾಗೆ ಮಾತಿಗೆ ಮಾತು ಕೊಡಲ್ಲ ಈಗ.

ಬೆಳಿಗ್ಗೆ ಗಾಡಿ ತೆಗೆಯೋಕೆ ಹತ್ತು ನಿಮಿಷ ಹಿಡೀತು. ಕಿಟಕಿಯಿಂದ ನೋಡಿದೆ. ಕಾಂಪೌಂಡ್ ಕಟ್ಟೆ ಪಕ್ಕಕ್ಕೆ ತಳ್ಕೊಂಡು ಹೋಗಿ, ಕಟ್ಟೆ ಮೇಲೆ ಎಡಗಾಲಿಟ್ಟು ಹತ್ತಿದಳು. ಹೊಸ ಉಪಾಯ. ಬುದ್ಧಿವಂತೆ ಅಂದ್ಕೊಂಡೆ.

ಮೈಲೇಜ್ ಸ್ವಲ್ಪ ಬಿದ್ದಿದೆ. ಇರ್ಲಿ.

ಜೂನ್ 19, ಗುರುವಾರ

ಬಿದ್ದಳು.

ಎಂಟು ಗಂಟೆಗೆ ಫೋನ್. ಯಾರೋ ಗಂಡಸಿನ ದನಿ. ಅಕ್ಷರ ಸೊಟ್ಟಗೆ ಬರ್ತಿದೆ. ದೊಡ್ಡದೇನಲ್ಲ, ದೊಡ್ಡದೇನಲ್ಲ. ಎಡಗೈ ಮಣಿಕಟ್ಟು ಮುರಿದಿದೆ. ಆರು ವಾರ ಪ್ಲಾಸ್ಟರ್. ಮಂಡಿ ತರಚಿದೆ.

ಓಡಿಸುವಾಗ ಬಿದ್ದಿದ್ದಲ್ಲ. ನಿಂತಲ್ಲೇ ಬಿದ್ದಿದ್ದು. ಯಾರದೋ ಮನೆ ಮುಂದೆ ರಸ್ತೆ ಚರಂಡಿ ಕಡೆ ಸ್ವಲ್ಪ ಇಳಿಜಾರು. ಗಾಡಿ ನಿಲ್ಲಿಸಿದ್ದಾಳೆ, ಎಡಗಾಲು ಇಳಿಸಿದ್ದಾಳೆ. "ಕಾಲಿಟ್ಟೆ ರೀ, ನೆಲ ಇರ್ಲಿಲ್ಲ" ಅಂತಾಳೆ. ಅದೊಂದೇ ಮಾತು, ಆಸ್ಪತ್ರೆ ಬೆಂಚಲ್ಲಿ ಕೂತು ಮೂರು ಸಲ ಅಂದಳು. ನೋವಿಗೆ ಏನೋ ಬಡಬಡಿಸ್ತಿದ್ದಾಳೆ ಅಂದ್ಕೊಂಡೆ.

ಡಬ್ಬದ ಮುಚ್ಚಳ ಹಾರಿಹೋಗಿ ಒಂಬತ್ತು ಮನೆಯವರ ರಕ್ತದ ಟ್ಯೂಬು ರಸ್ತೆ ಪಾಲು. ಅವರಿಗೆಲ್ಲ ಮತ್ತೆ ಚುಚ್ಚಬೇಕು. ಕೈ ನೋವಿಗಿಂತ ಅದಕ್ಕೇ ಜಾಸ್ತಿ ಅತ್ತಳು. ಹದಿನಾಲ್ಕು ವರ್ಷದಲ್ಲಿ ಒಂದು ಟ್ಯೂಬೂ ಒಡೆದವಳಲ್ಲ.

ಜೂನ್ 20, ಶುಕ್ರವಾರ

ಲ್ಯಾಬ್ ಮ್ಯಾನೇಜರ್ ಮನೆಗೆ ಬಂದಿದ್ರು. ಹಣ್ಣು ತಂದಿದ್ರು. ಒಳ್ಳೇ ಮನುಷ್ಯ. ಹೇಗಾಯ್ತು ಅಂತ ಕೇಳಿದ್ರು. ಇವಳು ಬಾಯಿ ತೆಗೆಯೋದ್ರೊಳಗೆ ನಾನು –

"ಟೈರ್ ಎಲ್ಲ ಹೊಸದು ಸಾರ್, ನಾನೇ ಹಾಕಿದ್ದು. ಗಾಡೀದೇನೂ ತಪ್ಪಿಲ್ಲ. ಇವಳಿಗೆ ಮೊದಲಿಂದ್ಲೂ ಬ್ಯಾಲೆನ್ಸ್ ಸ್ವಲ್ಪ ಕಮ್ಮಿ."

ಯಾಕೆ ಅಂದೆ? ಆ ಮಾತು ಎಲ್ಲಿಂದ ಬಂತು? ಇವಳು ತಲೆ ಎತ್ತಿ ನನ್ನ ನೋಡಿದಳು. ಹಣ್ಣಿನ ಚೀಲ ತಗೊಂಡು ಒಳಗೆ ಹೋದಳು.

ಜುಲೈ 6, ಭಾನುವಾರ – ಮಧ್ಯಾಹ್ನ

ಎರಡು ವಾರ ಏನೂ ಬರೀಲಿಲ್ಲ. ಅಡುಗೆ, ಪಾತ್ರೆ, ಇವಳ ಜಡೆ. ಜಡೆ ಹಾಕೋದು ಲೇತಲ್ಲಿ ಬೋಲ್ಟಿಗೆ ಥ್ರೆಡ್ ಕತ್ತರಿಸೋದಕ್ಕಿಂತ ಕಷ್ಟ.

ಇವತ್ತು ಗಾಡಿಯ ಸೊಟ್ಟಗಾದ ಹ್ಯಾಂಡಲ್ ಸರಿಮಾಡೋಣ ಅಂತ ಕೂತೆ. ನೆಲದ ಮೇಲೆ ಕೂತಿದ್ದೆ, ಕಣ್ಣೆದುರಿಗೇ ಸೈಡ್ ಸ್ಟ್ಯಾಂಡು. ನಾನೇ ಸೇರಿಸಿದ ತುಂಡು. ವೆಲ್ಡಿಂಗ್ ಗುರುತು ನೀಟಾಗಿದೆ.

ಆ ತುಂಡಿನ ಮೇಲೆ ಬೆರಳಾಡಿಸಿದೆ.

ಒಳಗೆ ಹೋಗಿ ಟೇಪು ತಂದೆ. ಗಾಡಿ ಜೊತೆ ಬಂದ ಪುಸ್ತಕದಲ್ಲಿ ಸೀಟಿನ ಎತ್ತರ ಏಳುನೂರ ಎಂಬತ್ತೈದು ಮಿಲಿ. ನನ್ನ ಟೇಪಲ್ಲಿ ಎಂಟುನೂರ ಹದಿನೇಳು. ಮತ್ತೆ ಅಳೆದೆ. ಎಂಟುನೂರ ಹದಿನೇಳೇ. ಅಗಲ ಆದ ಟೈರು ಎತ್ತರಾನೂ ಆಗುತ್ತೆ, ಅದರ ಮೇಲೆ ಶಾಕ್ ಬೇರೆ ಗಟ್ಟಿ ಮಾಡಿದ್ದೆ. ಮೂವತ್ತೆರಡು ಮಿಲಿ. ನನ್ನ ಎರಡು ಬೆರಳು ಜೋಡಿಸಿದ್ರೆ ಅಷ್ಟೇ. ಮೊದಲೇ ಅವಳ ಹಿಮ್ಮಡಿ ಕಷ್ಟಪಟ್ಟು ತಾಗ್ತಿತ್ತು.

ಜೂನ್ ಎಂಟರ ಪುಟ ತೆಗೆದು ಓದಿದೆ. "ಹಿಂದೆ ಎತ್ತರ ಆಯ್ತಲ್ಲ" – ನನ್ನ ಕೈಬರಹದಲ್ಲೇ ಇದೆ. ಗೊತ್ತಿತ್ತು ನನಗೆ. ಕಬ್ಬಿಣದ ಕಾಲು ಗಿಡ್ಡ ಆಯ್ತು ಅಂತ ಓಡಿಹೋಗಿ ಉದ್ದ ಮಾಡಿಸ್ಕೊಂಡು ಬಂದೆ. ಇವಳ ಕಾಲು ನೆನಪಾಗ್ಲಿಲ್ಲ. ಬಾಯಿ ಬಿಟ್ಟು ಹೇಳಿದಳಲ್ಲ ಮಾರನೇ ದಿನವೇ… ನಾನು ಜೋಕು ಮಾಡಿದೆ.

ಥೂ ನನ್ನ ಜನ್ಮಕ್ಕಿಷ್ಟು.

ಜುಲೈ 7, ಸೋಮವಾರ

ಇವತ್ತು ಹೇಳ್ಬೇಕು ಅಂತಿದ್ದೆ. ಅಷ್ಟರಲ್ಲಿ ಮ್ಯಾನೇಜರ್ ಫೋನ್. ಲ್ಯಾಬ್ ಒಳಗೆ ಕೌಂಟರ್ ಕೆಲಸ ಖಾಲಿ ಇದೆಯಂತೆ, ಸಂಬಳ ಅಷ್ಟೇ. ಒಪ್ಪಿದ್ರೆ ಮುಂದಿನ ಸೋಮವಾರ ಸಹಿ. ಒಂದ್ಸಲ ಸಹಿ ಹಾಕಿದ್ರೆ ಮತ್ತೆ ಮನೆ ಮನೆ ಸುತ್ತೋ ಫೀಲ್ಡ್ ಕೆಲಸ ಇಲ್ಲ, ಆ ಜಾಗಕ್ಕೆ ಬೇರೆಯವರು ಬರ್ತಾರೆ.

ಏನ್ ಮಾಡ್ಲಿ ಅಂದಳು. ನಿನ್ನಿಷ್ಟ ಅಂದೆ.

ಜುಲೈ 10, ಗುರುವಾರ

ಹೇಳ್ಲಿಲ್ಲ.

ನಿಜ ಬರೀತೀನಿ, ಇಲ್ಲಾದ್ರೂ. ಹೇಳೋಕೆ ನಾಚಿಕೆ ಅನ್ನೋದು ಒಂದು. ಇಡೀ ವರ್ಕ್‌ಶಾಪಿಗೆ ಆ ಟೈರ್ ತೋರಿಸಿ ಮೆರೆದಿದ್ದೀನಿ. ಇನ್ನೊಂದು ಅದಕ್ಕಿಂತ ಕೆಟ್ಟದ್ದು. ಕೌಂಟರ್ ಅಂದ ತಕ್ಷಣ ನನಗೆ ಹಾಯ್ ಅನ್ಸಿತು. ಹದಿನಾಲ್ಕು ವರ್ಷದಿಂದ ಬೆಳಿಗ್ಗೆ ಗಾಡಿ ಸದ್ದು ರಸ್ತೆ ತುದಿ ದಾಟೋವರೆಗೂ ಕಿವಿ ಕೊಟ್ಟು ಕೂತಿರ್ತೀನಿ, ಅವಳಿಗೆ ಗೊತ್ತಿಲ್ಲ. ಒಳಗೆ ಫ್ಯಾನ್ ಕೆಳಗೆ ಕೂತಿರ್ತಾಳಲ್ಲ, ಒಳ್ಳೇದೇ ಆಯ್ತು ಅಂತ ಮನಸ್ಸು ಹೇಳುತ್ತೆ.

ನಾಳೆ ಹೇಳ್ತೀನಿ.

ಜುಲೈ 14, ಸೋಮವಾರ

ನಾನೇ ಬಸ್ಸಲ್ಲಿ ಕರ್ಕೊಂಡು ಹೋದೆ. ಸಹಿ ಹಾಕಿದಳು. "ಸ್ವಂತ ಇಚ್ಛೆಯಿಂದ" ಅಂತ ಅಚ್ಚಾಗಿತ್ತು ಕಾಗದದಲ್ಲಿ. ಪೆನ್ನು ನನ್ನದೇ. ಅವಳ ಪೆನ್ನು ಬರೀಲಿಲ್ಲ, ನನ್ನ ಜೇಬಿಂದ ತೆಗೆದುಕೊಟ್ಟೆ.

ವಾಪಸ್ ಬರ್ತಾ ಬಸ್ಸಲ್ಲಿ ಕಿಟಕಿ ಕಡೆ ತಿರುಗಿ ಅಂದಳು – "ನೀವು ಅಂದಿದ್ದು ಸರಿ. ನನಗೆ ಬ್ಯಾಲೆನ್ಸ್ ಹೋಗಿದೆ. ನನಗೇ ಗೊತ್ತಾಗ್ತಿತ್ತು, ಪ್ರತಿ ಸಿಗ್ನಲ್ಲಲ್ಲೂ ಎದೆ ಹೊಡ್ಕೊಳ್ತಿತ್ತು. ವಯಸ್ಸು ಅಂತ ಒಪ್ಕೊಳ್ಳೋಕೆ ಮನಸ್ಸಾಗ್ಲಿಲ್ಲ."

ಆಗ ಹೇಳ್ಬಹುದಿತ್ತು. ಬಸ್ಸಿಂದ ಇಳಿದು ವಾಪಸ್ ಹೋಗಿ ಕಾಗದ ಹರಿದು ಹಾಕ್ಬಹುದಿತ್ತು. ನಮ್ಮ ಸ್ಟಾಪ್ ಬಂತು, ಇಳಿದ್ವಿ.

ಆಗಸ್ಟ್ 3, ಭಾನುವಾರ

ಪ್ಲಾಸ್ಟರ್ ಬಿಚ್ಚಿದ್ದಾರೆ. ಕೈ ಸಣ್ಣಗಾಗಿದೆ. ನಾಳೆಯಿಂದ ಕೌಂಟರ್.

ಹೆಡ್ ಮೇಡಂ ಫೋನ್ ಮಾಡಿದ್ರು. ಹೊಸಬ ನಾಲ್ಕು ಕಡೆ ಚುಚ್ಚಿದನಂತೆ, ತೋಳೆಲ್ಲ ನೀಲಿ. "ಇನ್ಮೇಲೆ ಟೆಸ್ಟೇ ಮಾಡಿಸಲ್ಲ, ಹೋಗು" ಅಂದ್ರಂತೆ. ಇವಳು ಫೋನಿಟ್ಟು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟಳು. ಬಹಳ ಹೊತ್ತು ನೀರಿನ ಸದ್ದು.

ಮಧ್ಯಾಹ್ನ ಟೈರ್ ಅಂಗಡಿಗೆ ಹೋಗಿ ಕಂಪನಿ ಸೈಜ್ ತಂದೆ. ಅವನು ಏನೂ ಕೇಳ್ಲಿಲ್ಲ. ಕೇಳಿದ್ರೆ ಚೆನ್ನಾಗಿತ್ತು. ಬುಷ್ ತೆಗೆದೆ, ಶಾಕ್ ಇಳಿಸಿದೆ, ಸ್ಟ್ಯಾಂಡಿಗೆ ಸೇರಿಸಿದ್ದ ತುಂಡು ಕತ್ತರಿಸಿ ತೆಗೆದೆ. ಸೀಟು ಏಳುನೂರ ಎಂಬತ್ತೈದಕ್ಕೆ ಬಂತು. ಯಾರಿಗೋಸ್ಕರ?

ಆಗಸ್ಟ್ 10, ಭಾನುವಾರ – ಬೆಳಿಗ್ಗೆ 11

ಹೇಳಿದೆ.

ಬಟ್ಟೆ ಒಣಹಾಕ್ತಿದ್ದಳು. ಹೋಗಿ ನಿಂತು ಒಂದೇ ಉಸಿರಿಗೆ ಹೇಳಿದೆ – ಟೈರಿಂದ ಗಾಡಿ ಎತ್ತರ ಆಗಿತ್ತು, ನಿನ್ನ ಬ್ಯಾಲೆನ್ಸ್ ಸರಿಯಾಗೇ ಇದೆ, ತಪ್ಪೆಲ್ಲ ನಂದು. ಕ್ಲಿಪ್ಪು ಬಾಯಲ್ಲಿಟ್ಕೊಂಡೇ ಕೇಳಿಸ್ಕೊಂಡಳು. ಆಮೇಲೆ ಗಾಡಿ ಹತ್ರ ಹೋದಳು. ಧೂಳು ಕೂತಿತ್ತು. ಕೈಯಲ್ಲಿದ್ದ ಒದ್ದೆ ಟವೆಲ್ಲಿಂದ ಸೀಟು ಒರೆಸಿ ಹತ್ತಿ ಕೂತಳು. ಬರಿಗಾಲು. ಎರಡೂ ಪಾದ ನೆಲಕ್ಕೆ ಊರಿತು.

ಸ್ಟಾರ್ಟ್ ಮಾಡ್ಲಿಲ್ಲ. ಕ್ಲಚ್ ಹಿಡಿದಳು, ಬಿಟ್ಟಳು. ಹಿಡಿದಳು, ಬಿಟ್ಟಳು.

"ಹಂಗಾದ್ರೆ ನನಗೇನೂ ಆಗಿರ್ಲಿಲ್ಲ" ಅಂದಳು.

"ಏನೂ ಆಗಿರ್ಲಿಲ್ಲ."

"ನಿಮಗೆ ಯಾವಾಗ ಗೊತ್ತಾಯ್ತು?"

"ಹೋದ ಭಾನುವಾರ. ಟೈರ್ ಬಿಚ್ಚುವಾಗ."

ಯೋಚನೆ ಮಾಡಿ ಅಂದಿದ್ದಲ್ಲ. ಬಂದೇಬಿಡ್ತು ಬಾಯಿಗೆ.

ತಲೆ ಆಡಿಸಿದಳು. "ಒಂದು ತಿಂಗಳು ಮೊದಲು ಗೊತ್ತಾಗಿದ್ರೆ ಸಹಿ ಹಾಕ್ತಿರ್ಲಿಲ್ಲ ನೋಡಿ." ಆಮೇಲೆ ನನ್ನ ಮುಖ ನೋಡಿದಳು. ಹೇಗಿತ್ತೋ ನನ್ನ ಮುಖ, ಗಾಡಿಯಿಂದ ಇಳಿದು ಬಂದು ನನ್ನ ತೋಳು ಹಿಡ್ಕೊಂಡಳು. "ಹೋಗ್ಲಿ ಬಿಡಿ, ಕೊರಗಬೇಡಿ. ನಿಮಗೆ ಗೊತ್ತಿದ್ರೆ ಹೇಳದೆ ಇರ್ತಿದ್ರಾ?"

ಅಷ್ಟು ಹೇಳಿ ಒಳಗೆ ಹೋದಳು. ಈಗ ಕರೀತಿದ್ದಾಳೆ, ಟೀ ಆರಿಹೋಗುತ್ತೆ ಅಂತ. ಎರಡನೇ ಸಲ ಕರೆದಳು. ಎದ್ದು ಹೋಗಿ ಹೇಳಿಬಿಡ್ಬೇಕು. ಹೋದ ಭಾನುವಾರ ಅಲ್ಲ, ಜುಲೈ ಆರನೇ ತಾರೀಖೇ ನನಗೆ ಗೊತ್ತಿತ್ತು ಅಂತ. ಎದ್ದೆ.